ಡೋಣಿ ಹುಟ್ಟುವ ಊರಿಗೆ ನೀರೆಲ್ಲಿಂದ?

‘ಡೋಣಿ ಹರಿದರೆ ಓಣೆಲ್ಲ ಕಾಳು’ ಎಂಬ ಮಾತು ವಿಜಯಪುರದ ಕಡೆ ಎಲ್ಲರ ಬಾಯಲ್ಲೂ ಇದೆ. ಆ ಡೋಣಿ ಹುಟ್ಟುವುದು ಗಡಿಯಾಚೆ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ. ಕಾಳು ಕೆಳಗಿನವರ ಓಣಿಗೆ, ಬರ ಮೇಲಿನವರ ಪಾಲಿಗೆ. ಉಮದಿ, ಸಂಖ, ತಿಕೋಂಡಿಯ ಕಡೆ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಬೇಸಿಗೆ ಬಂತೆಂದರೆ ಎರಡೂ ಭಾಷೆಯಲ್ಲಿ ಟ್ಯಾಂಕರ್‌ನದೇ ಮಾತು.

1956ರಲ್ಲಿ ರಾಜ್ಯಗಳನ್ನು ಭಾಷೆಯ ಮೇಲೆ ಹಂಚಿದಾಗ ಜತ್ತ ಮುಂಬಯಿ ರಾಜ್ಯದಲ್ಲೇ ಉಳಿಯಿತು. 1967ರ ಮಹಾಜನ ವರದಿ ಜತ್ತದ ಕೆಲವು ಹಳ್ಳಿಗಳನ್ನೂ ಅಕ್ಕಲಕೋಟೆಯನ್ನೂ ಕರ್ನಾಟಕಕ್ಕೆ ಕೊಡಬೇಕೆಂದಿತು, ಮಹಾರಾಷ್ಟ್ರ ಒಪ್ಪಲಿಲ್ಲ. ನೆಲದ ಜಗಳ ಅಲ್ಲಿಗೇ ನಿಂತಿತು. ಅದರ ಬೆನ್ನಿಗೇ ನೀರಿನ ಲೆಕ್ಕ ಶುರುವಾಯಿತು.

1969ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಳಿ ಕೃಷ್ಣೆಯಲ್ಲಿ ನಂಬಬಹುದಾದ ನೀರು 2060 ಟಿಎಂಸಿ ಎಂದು ಎಣಿಸಿ, ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಎಂದು ಹಂಚಿತು. 1976ರ ಅಂತಿಮ ಆದೇಶದಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದ ಒಂದು ಸಾಲಿದೆ. ಅಂತರ್ಜಲವನ್ನು ಆಯಾ ರಾಜ್ಯ ತನ್ನ ಗಡಿಯೊಳಗೆ ಮುಕ್ತವಾಗಿ ಬಳಸಬಹುದು, ಅದು ಕೃಷ್ಣೆಯ ನೀರಿನ ಲೆಕ್ಕಕ್ಕೆ ಸೇರುವುದಿಲ್ಲ ಎಂಬ ಸಾಲು. ನದಿಯಲ್ಲಿ ಹರಿದರೆ ಹನಿ ಹನಿಗೂ ಲೆಕ್ಕ, ಬಂಡೆಯ ಬಿರುಕಿಗೆ ಇಳಿದರೆ ಕೇಳುವವರಿಲ್ಲ! ಕೊಳವೆಬಾವಿ ಅಪರೂಪವಾಗಿದ್ದ ಕಾಲಕ್ಕೆ ಅದು ಸರಿಯೆನಿಸಿರಬಹುದು. ಕಾಲುವೆ ಮುಟ್ಟದ ಗಡಿ ಹಳ್ಳಿಗಳಲ್ಲಿ ದಾಳಿಂಬೆ, ದ್ರಾಕ್ಷಿ ನಿಂತಿರುವುದೇ ಬೋರಿನ ಮೇಲೆ. ಇಲ್ಲಿಯ ಕಪ್ಪು ಕಲ್ಲು ನೀರು ಹಿಡಿದಿಡುವುದೂ ಅಷ್ಟಕ್ಕಷ್ಟೆ. ಪಕ್ಕದ ಹೊಲದವನು ಯಾವ ರಾಜ್ಯದವನೆಂದು ನೋಡಿ ಬೋರು ಬತ್ತುವುದಿಲ್ಲ. ಆದರೂ ಆ ನೀರಿನ ಬಗ್ಗೆ ಎರಡು ಸರ್ಕಾರಗಳು ಕೂತು ಮಾತಾಡಬೇಕಾದ ಕಟ್ಟುಪಾಡನ್ನು ಆ ಆದೇಶ ಹಾಕಲೇ ಇಲ್ಲ.

ಕೃಷ್ಣೆಯ ಎರಡನೆಯ ನ್ಯಾಯಮಂಡಳಿಯ, ಅಂದರೆ ಬ್ರಿಜೇಶ್ ಕುಮಾರ್ ಮಂಡಳಿಯ 2010ರ ತೀರ್ಪು ಪಾಲು ಹೆಚ್ಚಿಸಿ, ಆಲಮಟ್ಟಿಯನ್ನು 519.6 ಮೀಟರಿನಿಂದ 524.256ಕ್ಕೆ ಎತ್ತರಿಸಲು ಒಪ್ಪಿತು. ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ, ತೀರ್ಪು ಗೆಜೆಟ್ ಕಾಣದೆ ಉಳಿಯಿತು.

ಹೀಗಾಗಿ ಸಹಕಾರವೆಂಬುದು ಋತುಮಾನದ ವ್ಯವಹಾರವಾಯಿತು. ಮಳೆಗಾಲದಲ್ಲಿ ಸಾಂಗ್ಲಿ, ಕೊಲ್ಹಾಪುರ ಮುಳುಗಿದಾಗ ಬೆರಳು ಆಲಮಟ್ಟಿಯತ್ತ. 2005, 2019ರ ನೆರೆಯಲ್ಲಿ ಕೇಳಿದ್ದು ಇದೇ ದೂರು. ಇದರಿಂದ ಒಂದು ಒಳ್ಳೆಯದೂ ಆಯಿತು: 2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವ ಜಯಂತ ಪಾಟೀಲರು ಬೆಂಗಳೂರಿಗೇ ಬಂದು ಯಡಿಯೂರಪ್ಪನವರೊಡನೆ ಅಣೆಕಟ್ಟುಗಳ ಒಳಹರಿವು, ಹೊರಹರಿವಿನ ಮಾಹಿತಿ ಹಂಚಿಕೊಳ್ಳುವ ಮಾತಾಡಿದರು. ನೀರು ಹೆಚ್ಚಾದಾಗ ಕೂತು ಮಾತಾಡಲು ಬರುತ್ತದೆ. ಕಡಿಮೆಯಾದಾಗ ಮಾತ್ರ ಪತ್ರ ಬರೆಯುವ ರೂಢಿ.

ಬೇಸಿಗೆಯ ಆ ಪತ್ರ ಕರ್ನಾಟಕದಿಂದ ಹೋಗುತ್ತದೆ: ಮಹಾರಾಷ್ಟ್ರದ ಕೊಯ್ನಾ, ವಾರಣಾ ಅಣೆಕಟ್ಟುಗಳಿಂದ ಕೃಷ್ಣೆಗೆ ಕುಡಿಯುವ ನೀರು ಬಿಡಿ ಎಂದು. ವಿದ್ಯುತ್ತಿಗಾಗಿ ಕೊಯ್ನಾದಿಂದ ಪಶ್ಚಿಮಕ್ಕೆ ಹರಿಸಲು ಬಚಾವತ್ ಒಪ್ಪಿದ ಮಿತಿ ವರ್ಷಕ್ಕೆ 67.5 ಟಿಎಂಸಿ, ಪತ್ರದಲ್ಲಿ ಬೇಡುವುದು ಎರಡೋ ಮೂರೋ. 2019ರ ಬೇಸಿಗೆಯಲ್ಲಿ ಮಹಾರಾಷ್ಟ್ರ ವ್ಯಾಪಾರಿಯ ಹಾಗೆ ಕೇಳಿತು: ನೀರು ಕೊಡುತ್ತೇವೆ, ಬದಲಿಗೆ ಜತ್ತ, ಅಕ್ಕಲಕೋಟೆಗೆ ನಿಮ್ಮಿಂದ ನೀರು ಬರಲಿ. ಕೊಟ್ಟು ತೆಗೆದುಕೊಳ್ಳುವ ಈ ಲೆಕ್ಕ ನನಗಂತೂ ಎಲ್ಲ ತೀರ್ಪುಗಳಿಗಿಂತ ನೆಟ್ಟಗೆ ಕಾಣುತ್ತದೆ. ಜಮಖಂಡಿ ತಾಲ್ಲೂಕಿನಲ್ಲಿ ಕೃಷ್ಣೆಯಿಂದ ನೀರೆತ್ತುವ ತುಬಚಿ–ಬಬಲೇಶ್ವರ ಯೋಜನೆಯ ಕಾಲುವೆ ಗಡಿಯ ಹತ್ತಿರಕ್ಕೇ ಬಂದಿದೆ. ಮಹಾರಾಷ್ಟ್ರದ ಮ್ಹೈಸಾಳ ಏತ ನೀರಾವರಿಯ ನೀರು ಮೀರಜ್ ತಾಲ್ಲೂಕಿನಿಂದ ಹಂತ ಹಂತವಾಗಿ ಏರಿ ಬರಬೇಕು.

ಆ ಮಾತು ಮಾತಾಗಿಯೇ ಉಳಿಯಿತು. 2022ರ ನವೆಂಬರಿನಲ್ಲಿ ಮುಖ್ಯಮಂತ್ರಿ ಬೊಮ್ಮಾಯಿಯವರು ಜತ್ತದ ಸುಮಾರು 40 ಹಳ್ಳಿಗಳು ಕರ್ನಾಟಕ ಸೇರಲು ಠರಾವು ಮಾಡಿವೆ ಎಂದರು. ಅದು 2012ರ ಹಳೆಯ ಠರಾವು, ನೀರಿಲ್ಲದ ಸಿಟ್ಟಿಗೆ ಮಾಡಿದ್ದು ಎಂದು ಮಹಾರಾಷ್ಟ್ರದ ಆಗಿನ ಉಪಮುಖ್ಯಮಂತ್ರಿ ಫಡಣವೀಸರು ಉತ್ತರಿಸಿದರು. ಇಬ್ಬರ ಮಾತೂ ಪೂರ್ತಿ ಸುಳ್ಳಲ್ಲ. ಗಡಿಯಲ್ಲಿ ಬಸ್ಸುಗಳಿಗೆ ಮಸಿ ಬಿತ್ತು. ಅದೇ ಗದ್ದಲದ ನಡುವೆ ತುಬಚಿಯ ನೀರು ತಿಕೋಂಡಿಯ ಕೆರೆಗೆ ಬಂತು, ವಿಸ್ತರಿತ ಮ್ಹೈಸಾಳ ಯೋಜನೆಗೂ ಮುಂಬಯಿಯಲ್ಲಿ ಚುರುಕು ಬಂತು. ಹತ್ತು ವರ್ಷದ ಅರ್ಜಿಗಳು ಮಾಡದ್ದನ್ನು ಒಂದು ವಾರದ ಜಗಳ ಮಾಡಿತು.

ಆರು ತಿಂಗಳು ಕಳೆಯುವುದರೊಳಗೆ, 2023ರ ಮೇ ಕೊನೆಗೆ, ಬೆಂಗಳೂರಿನಿಂದ ಮುಂಬಯಿಗೆ ಮತ್ತೆ ಪತ್ರ ಹೋಯಿತು. ಹೊಸ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೃಷ್ಣೆಗೆ 2 ಟಿಎಂಸಿ, ಉಜನಿ ಅಣೆಕಟ್ಟಿನಿಂದ ಭೀಮೆಗೆ 3 ಟಿಎಂಸಿ ಕೇಳಿದ್ದರು.