ನಮ್ಮ ಬಡಾವಣೆಯ ಯೋಜನೆ ನಾವೇ ಮಾಡಿಕೊಂಡರೆ ಅದಕ್ಕೆ ಬೆಲೆ ಇದೆಯಾ?

ಪ್ರಶ್ನೆ: ಶಿವಮೊಗ್ಗದ ಅಂಚಿನಲ್ಲಿ ನಮ್ಮ ಬಡಾವಣೆ ಇದೆ. ಸುತ್ತಲ ಗದ್ದೆ, ತೋಟ ಎಲ್ಲಾ ಸೈಟ್ ಆಗ್ತಾ ಇವೆ. ಮುಂದಿನ ಇಪ್ಪತ್ತು ವರ್ಷಕ್ಕೆ ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಪಾರ್ಕ್ ಅಂತ ನಾವೇ ಕೂತು ಯೋಜನೆ ಮಾಡಿದರೆ ಅದು ನಡೆಯುತ್ತದೆಯೇ?

ಉತ್ತರ: ನಡೆಸಬಹುದು, ಆದರೆ ಸರಿಯಾದ ಬಾಗಿಲಿಗೆ ಒಯ್ಯಬೇಕು. ಯಾವ ಜಾಗ ಯಾವುದಕ್ಕೆ ಎಂದು ಗೊತ್ತುಮಾಡುವ ಅಧಿಕಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಯೋಜನಾ ಪ್ರಾಧಿಕಾರದ್ದು. ನಮ್ಮಲ್ಲಿ ಅದು ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ, ನಾವೆಲ್ಲ ಸೂಡಾ ಅನ್ನೋದು. ಅವರ ಮಾಸ್ಟರ್ ಪ್ಲಾನ್‌ನಲ್ಲಿ, ಅಂದರೆ ಯಾವ ಜಾಗ ಯಾವ ಬಳಕೆಗೆ ಎಂದು ತೋರಿಸುವ ಊರಿನ ನಕ್ಷೆಯಲ್ಲಿ, ಏನಿದೆಯೋ ಅದೇ ಲೆಕ್ಕ. ನಿಮ್ಮ ಯೋಜನೆ ಆ ನಕ್ಷೆಯೊಳಗೆ ಸೇರಿದರೆ ಮಾತ್ರ ಅದಕ್ಕೆ ಬಲ.

ಅದಕ್ಕೂ ಮೊದಲು ಯೋಜನೆ ಗಟ್ಟಿಯಾಗಿರಬೇಕು, ಅಲ್ವಾ? ದಯವಿಟ್ಟು ಸಭೆಯಿಂದ ಶುರು ಮಾಡಬೇಡಿ. ಪುಷ್ಯ ಮಳೆ ಜೋರಾಗಿ ಹಿಡಿದ ದಿನ ನಾಲ್ಕು ಜನ ಛತ್ರಿ ಹಿಡಿದು ಬಡಾವಣೆ ಸುತ್ತಿ. ನಮ್ಮ ಬೀದಿಯಲ್ಲಿ ಪ್ರತಿ ಮಳೆಗಾಲ ಅದೇ ಮೂರು ಮನೆಗೆ ನೀರು ನುಗ್ಗುತ್ತಿತ್ತು. ಚರಂಡಿ ಸರಿಯಿಲ್ಲ ಅಂತಲೇ ನಾವು ಅಂದುಕೊಂಡಿದ್ದೆವು. ಒಂದು ದಿನ, ಅಲ್ಲೇ ಹಿಂದೆ ಗದ್ದೆ ಮಾಡುತ್ತಿದ್ದ ಹಿರಿಯರೊಬ್ಬರು ನಮ್ಮ ಜೊತೆ ಬಂದರು. ಮೂರನೇ ಮನೆಯ ಕಾಂಪೌಂಡ್ ಹತ್ತಿರ ನಿಂತು, ಮಡಚಿದ ಛತ್ರಿಯ ತುದಿಯಲ್ಲಿ ತೋರಿಸಿದರು. ‘ಇಲ್ಲೇ ಕಣ್ರೀ ಹಳ್ಳ ಇದ್ದಿದ್ದು. ನೀವು ಮುಚ್ಚಿದ್ರಿ, ನೀರಿಗೆ ದಾರಿ ಮರೆತಿಲ್ಲ.’

ಭೂಮಾಪನ ಇಲಾಖೆಯ ಗ್ರಾಮ ನಕ್ಷೆ ತರಿಸಿ ನೋಡಿದರೆ ಹಳ್ಳದ ಗೆರೆ ಅಲ್ಲೇ ಇತ್ತು. ಪಹಣಿಯಲ್ಲಿ ‘ಬಿ’ ಖರಾಬು ಎಂದು ನಮೂದಾಗಿತ್ತು. ಅಂದರೆ ರಸ್ತೆ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ಜಾಗ. ನಿಮ್ಮೂರಿನ ಗ್ರಾಮ ನಕ್ಷೆಯನ್ನೂ ಮಾಸ್ಟರ್ ಪ್ಲಾನನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಹಳೆಯದರಲ್ಲಿ ಹಳ್ಳವಿದ್ದು, ಹೊಸದರಲ್ಲಿ ಅದೇ ಜಾಗ ವಸತಿಯ ಹಳದಿ ಬಣ್ಣದಲ್ಲಿದ್ದರೆ, ನಿಮ್ಮ ಮೊದಲ ಬೇಡಿಕೆ ಅದೇ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಾತು. ಬಡಾವಣೆಯ ಸಂಘ ಅಂದರೆ ಸಾಮಾನ್ಯವಾಗಿ ಸೈಟ್ ಮಾಲೀಕರ ಸಂಘ. ಬಾಡಿಗೆಗೆ ಇರುವವರು, ತರಕಾರಿ ಗಾಡಿಯವರು, ಮನೆಗೆಲಸಕ್ಕೆ ಬರುವ ಅಕ್ಕಂದಿರು ಅಲ್ಲಿ ಬಾಯಿ ಬಿಡುವುದೇ ಇಲ್ಲ. ಅವರನ್ನು ಬಿಟ್ಟು ಮಾಡಿದ ಯೋಜನೆಯಲ್ಲಿ ಪಾರ್ಕ್ ಇರುತ್ತದೆ, ಬಸ್ ಸ್ಟಾಪ್ ಇರುವುದಿಲ್ಲ. ಸಂಜೆ ಗಾಡಿ ಹತ್ತಿರವೇ ಹೋಗಿ ಕೇಳಿ.

ಈಗ ಬಾಗಿಲುಗಳ ವಿಷಯ. ಮಾಸ್ಟರ್ ಪ್ಲಾನ್ ಹತ್ತು ವರ್ಷಕ್ಕೊಮ್ಮೆ ಪರಿಷ್ಕರಣೆ ಆಗಬೇಕು. ಸರ್ಕಾರದ ತಾತ್ಕಾಲಿಕ ಒಪ್ಪಿಗೆ ಸಿಕ್ಕಿದ ಮೇಲೆ ಕರಡು ಪ್ರಕಟವಾಗುತ್ತದೆ. ಅಲ್ಲಿಂದ 60 ದಿನ ಜನರ ಅಭಿಪ್ರಾಯಕ್ಕೆ ಅವಕಾಶ. ಬಹಳ ಜನ ಈ 60 ದಿನ ಕಳೆದ ಮೇಲೆ ಎಚ್ಚರಗೊಳ್ಳುತ್ತಾರೆ. ನಿಮ್ಮ ಯೋಜನೆ ಮೊದಲೇ ಸಿದ್ಧವಿದ್ದರೆ ಮೊದಲ ವಾರದಲ್ಲೇ ಕೊಡಬಹುದು. ಮಧ್ಯದಲ್ಲಿ ಯಾರಾದರೂ ಭೂಬಳಕೆ ಬದಲಾವಣೆ ಕೇಳಿದರೆ, ಕಾಯ್ದೆಯ 14-ಎ ಕಲಂ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ಹಾಗಾಗಿ ಪೇಪರ್‌ನ ಒಳಪುಟದ ಸಣ್ಣಕ್ಷರದ ಪ್ರಕಟಣೆಗಳನ್ನು ದಿನಾ ಓದುವ ಒಬ್ಬರು ನಿಮ್ಮ ಗುಂಪಿನಲ್ಲಿ ಇರಲೇಬೇಕು.

3 ಲಕ್ಷ ಅಥವಾ ಅದಕ್ಕೂ ಜಾಸ್ತಿ ಜನರಿರುವ ನಗರದಲ್ಲಿ ವಾರ್ಡ್ ಸಮಿತಿ, ಅಂದರೆ ವಾರ್ಡಿನ ವಿಷಯ ಚರ್ಚಿಸುವ ಸಮಿತಿ, ಇರಬೇಕು ಎನ್ನುತ್ತದೆ ಸಂವಿಧಾನದ 74ನೇ ತಿದ್ದುಪಡಿ. 2011ರ ಜನಗಣತಿಯಲ್ಲೇ ಶಿವಮೊಗ್ಗ ಆ ಗಡಿ ದಾಟಿದೆ. ಪಾಲಿಕೆಯಲ್ಲಿ ಅದನ್ನು ಕೇಳಿ ಪಡೆಯಿರಿ. ನಿಮ್ಮ ಜಾಗ ಪಂಚಾಯಿತಿಗೆ ಸೇರಿದ್ದರೆ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಅದನ್ನೂ ಸೂಡಾಕ್ಕೆ ಕೊಡುವ ಅರ್ಜಿಯ ಜೊತೆಗಿಡಿ.

ಅರ್ಜಿ ಎರಡು ಪುಟ ಸಾಕು. ‘ಹಸಿರು ಉಳಿಸಿ’ ಅಂತ ಸುಮ್ನೆ ಬರೆದರೆ ಅಧಿಕಾರಿ ಏನು ಮಾಡಿಯಾರು? ಸರ್ವೆ ನಂಬರ್ ಹಾಕಿ, ಈಗ ಏನಿದೆ, ಏನಾಗಬೇಕು ಅಂತ ಬರೆಯಿರಿ. ಮಳೆಯ ದಿನದ ಫೋಟೋ ಲಗತ್ತಿಸಿ. ಕೊಟ್ಟು ಬರುವಾಗ ಇನ್ನೊಂದು ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.