42 ಗೊತ್ತು, 14 ಗೊತ್ತಾ?

ಏಪ್ರಿಲ್ 15 ಬಂತೆಂದರೆ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಎಲ್ಲ ಆಟಗಾರರೂ 42 ನಂಬರಿನ ಜೆರ್ಸಿ ತೊಟ್ಟು ಮೈದಾನಕ್ಕೆ ಇಳಿಯುತ್ತಾರೆ. ಅದು ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಅವರ ನಂಬರ್. 1947ರಲ್ಲಿ ಅದೇ ದಿನ ಅವರು ಬ್ರೂಕ್ಲಿನ್ ಡಾಡ್ಜರ್ಸ್ ಪರ ಆಡಿ ವರ್ಣಭೇದದ ಗೋಡೆ ಒಡೆದರು. ಕಪ್ಪು ಆಟಗಾರರು ಬೇಡ ಅಂತ ಎಲ್ಲೂ ಬರೆದಿರಲಿಲ್ಲ. ಆದರೂ 1880ರ ದಶಕದಿಂದ ತಂಡದ ಮಾಲೀಕರು ಒಳಗೊಳಗೇ ಹಾಗೆ ನಡೆಸಿಕೊಂಡು ಬಂದಿದ್ದರು.

ಇಷ್ಟು ಬಹಳ ಜನರಿಗೆ ಗೊತ್ತು. ನಾನು ಹೇಳಬೇಕೆಂದಿರುವುದು 81 ದಿನ ಬಿಟ್ಟು ಬಂದವರ ಬಗ್ಗೆ.

ಅವರ ಹೆಸರು ಲ್ಯಾರಿ ಡೋಬಿ. ಆಗ 23 ವರ್ಷ. ಕಪ್ಪು ಆಟಗಾರರದ್ದೇ ಆದ ನೀಗ್ರೋ ಲೀಗ್‌ಗಳಲ್ಲಿ ನೆವಾರ್ಕ್ ಈಗಲ್ಸ್ ಪರ ಆಡುತ್ತಿದ್ದರು. ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಬಿಲ್ ವೀಕ್, ಡೋಬಿಯನ್ನು ಕರೆಸಿಕೊಂಡು ಜುಲೈ 5ರಂದು ಶಿಕಾಗೋದಲ್ಲಿ ಆಡಿಸಿಯೇ ಬಿಟ್ಟರು. ರಾಬಿನ್ಸನ್‌ಗೆ ಅದಕ್ಕೆ ಮೊದಲು ಡಾಡ್ಜರ್ಸ್‌ನ ಕೆಳಹಂತದ ಮಾಂಟ್ರಿಯಲ್ ತಂಡದಲ್ಲಿ ಒಂದು ವರ್ಷ ಆಡಿ ಹದವಾಗಲು ಸಮಯ ಸಿಕ್ಕಿತ್ತು. ಡೋಬಿಗೆ ಒಂದು ವಾರವೂ ಸಿಗಲಿಲ್ಲ. ಮೊದಲ ದಿನ ಡ್ರೆಸಿಂಗ್ ರೂಮಿನಲ್ಲಿ ಎಲ್ಲರ ಪರಿಚಯ ಮಾಡಿಸುವಾಗ ಕೆಲವರು ಕೈಯನ್ನೇ ಕುಲುಕಲಿಲ್ಲ. ತರಬೇತಿಗೆ ಟೂಸಾನ್‌ಗೆ ಹೋದರೆ ತಂಡವೆಲ್ಲ ಹೋಟೆಲಿನಲ್ಲಿ, ಇವರು ಮಾತ್ರ ಊರಿನ ಒಂದು ಕಪ್ಪು ಕುಟುಂಬದ ಮನೆಯಲ್ಲಿ. ಇನ್ನೊಂದು ವಿಷಯ ಜನ ಮರೆಯುತ್ತಾರೆ. ಮೇಜರ್ ಲೀಗ್‌ನಲ್ಲಿ ಎರಡು ಲೀಗ್‌ಗಳಿವೆ. ರಾಬಿನ್ಸನ್ ಆಡಿದ್ದು ನ್ಯಾಷನಲ್ ಲೀಗ್, ಡೋಬಿ ಆಡಿದ್ದು ಅಮೆರಿಕನ್ ಲೀಗ್. ಎದುರಾಳಿ ತಂಡಗಳೇ ಬೇರೆ. ಅಂದರೆ ಒಬ್ಬರು ಒಡೆದ ಗೋಡೆಯಲ್ಲಿ ಇನ್ನೊಬ್ಬರು ಸುಮ್ನೆ ನುಗ್ಗಿ ಬಂದದ್ದಲ್ಲ. ಡೋಬಿ ಎದುರು ಇನ್ನೊಂದು ಗೋಡೆ ಹಾಗೇ ನಿಂತಿತ್ತು.

ಮರುವರ್ಷ ವರ್ಲ್ಡ್ ಸೀರೀಸ್‌ನ, ಅಂದರೆ ಎರಡೂ ಲೀಗ್‌ಗಳ ಚಾಂಪಿಯನ್ನರ ಫೈನಲ್ ಸರಣಿಯ, ನಾಲ್ಕನೇ ಪಂದ್ಯ. ಕ್ಲೀವ್‌ಲ್ಯಾಂಡ್ ಮೈದಾನದಲ್ಲಿ 81 ಸಾವಿರಕ್ಕೂ ಜಾಸ್ತಿ ಜನ. ಡೋಬಿ ಹೋಮ್ ರನ್ ಹೊಡೆದರು, ತಂಡ 2-1ರಿಂದ ಗೆದ್ದಿತು. ಆಮೇಲೆ ತಮ್ಮದೇ ತಂಡದ ಬಿಳಿಯ ಪಿಚರ್ (ಚೆಂಡು ಎಸೆಯುವವರು) ಸ್ಟೀವ್ ಗ್ರೋಮೆಕ್ ಅವರನ್ನು ಕೆನ್ನೆಗೆ ಕೆನ್ನೆ ತಾಗಿಸಿ ಗಟ್ಟಿಯಾಗಿ ತಬ್ಬಿಕೊಂಡರು, ಇಬ್ಬರೂ ಬಾಯಿತುಂಬ ನಗುತ್ತಿದ್ದರು, ಆ ಫೋಟೋ ಪತ್ರಿಕೆಗಳಲ್ಲಿ ಬಂತು. 1948ರ ಅಮೆರಿಕದಲ್ಲಿ ಅಂಥ ಫೋಟೋ ಅಚ್ಚಾಗುವುದು ಸಣ್ಣ ಮಾತಲ್ಲ. ನನಗಂತೂ ಆ ಕಾಲದ ಎಷ್ಟೋ ಭಾಷಣಗಳಿಗಿಂತ ಆ ಫೋಟೋ ದೊಡ್ಡದು.

ಈಗ ಗೌರವದ ಲೆಕ್ಕ ನೋಡಿ. ರಾಬಿನ್ಸನ್ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿದ್ದು 1962ರಲ್ಲಿ. ಡೋಬಿ ಸೇರಿದ್ದು 1998ರಲ್ಲಿ. ಮಧ್ಯೆ 36 ವರ್ಷ! 42 ನಂಬರನ್ನು 1997ರಲ್ಲಿ ಲೀಗಿನ ಎಲ್ಲ ತಂಡಗಳೂ ನಿವೃತ್ತಿ ಮಾಡಿದವು, ಅಂದರೆ ಇನ್ನು ಯಾರಿಗೂ ಆ ನಂಬರ್ ಹೊಸದಾಗಿ ಕೊಡುವುದಿಲ್ಲ. ಡೋಬಿಯ 14 ನಂಬರನ್ನು ಕ್ಲೀವ್‌ಲ್ಯಾಂಡ್ 1994ರಲ್ಲಿ ನಿವೃತ್ತಿ ಮಾಡಿತು, ಆದರೆ ಆ ಒಂದು ತಂಡ ಮಾತ್ರ.

ರಾಬಿನ್ಸನ್ ಬಗ್ಗೆ ನನ್ನ ತಕರಾರೇನೂ ಇಲ್ಲ. ಅವರಿಗೂ ಈ ಪೂಜೆ ಬದುಕಿದ್ದಾಗ ಸಿಗಲಿಲ್ಲ. 1972ರಲ್ಲಿ ಸಾಯುವ ಒಂಬತ್ತು ದಿನ ಮೊದಲು ಅವರನ್ನು ವರ್ಲ್ಡ್ ಸೀರೀಸ್ ಮೈದಾನಕ್ಕೆ ಕರೆದು ಸನ್ಮಾನ ಮಾಡಿದರು. ಅಲ್ಲೇ ನಿಂತು ಅವರು, ಒಬ್ಬ ಕಪ್ಪು ಮ್ಯಾನೇಜರನ್ನು (ಪಂದ್ಯದಲ್ಲಿ ತಂಡ ನಡೆಸುವ ಮುಖ್ಯ ಕೋಚ್) ನೋಡಿದರೆ ನನಗೆ ಇನ್ನೂ ಖುಷಿಯಾಗುತ್ತದೆ ಎಂಬರ್ಥದ ಮಾತು ಹೇಳಿದರು. ಸನ್ಮಾನ ಮಾಡುವವರ ಎದುರಿಗೇ ಹಾಗೆ ಹೇಳಲು ಧೈರ್ಯ ಬೇಕು, ಅಲ್ವಾ? ಎರಡು ವರ್ಷ ಬಿಟ್ಟು ಕ್ಲೀವ್‌ಲ್ಯಾಂಡ್ ಮೊದಲ ಕಪ್ಪು ಮ್ಯಾನೇಜರನ್ನು ನೇಮಿಸಿತು. ಡೋಬಿ ಆಗ ಅದೇ ತಂಡದಲ್ಲಿ ಕೋಚ್ ಆಗಿದ್ದರು. ಕೆಲಸ ಸಿಕ್ಕಿದ್ದು ಫ್ರಾಂಕ್ ರಾಬಿನ್ಸನ್ ಎಂಬ ಇನ್ನೊಬ್ಬ ಆಟಗಾರನಿಗೆ. 1978ರಲ್ಲಿ ಡೋಬಿ ಶಿಕಾಗೋ ವೈಟ್ ಸಾಕ್ಸ್ ಮ್ಯಾನೇಜರ್ ಆದರು. ಮತ್ತೆ ಎರಡನೆಯವರು.

ಡೋಬಿ 2003ರಲ್ಲಿ ತೀರಿಕೊಂಡರು. ಅಮೆರಿಕದ ಸಂಸತ್ತು ಅವರಿಗೆ ಚಿನ್ನದ ಪದಕ ಕೊಟ್ಟಿದ್ದು 2023ರ ಡಿಸೆಂಬರ್ 13ರಂದು. ಬದುಕಿದ್ದರೆ ಅಂದು ಅವರಿಗೆ ನೂರು ತುಂಬುತ್ತಿತ್ತು. ಆ ಪದಕದ ಹಿಂಬದಿಯಲ್ಲಿ ಡೋಬಿ ಮತ್ತು ಗ್ರೋಮೆಕ್ ತಬ್ಬಿಕೊಂಡೇ ಇದ್ದಾರೆ.