ಕಚೇರಿ ಮುದ್ರಣದ ವೆಚ್ಚ: ಪುಟವೊಂದರ ಲೆಕ್ಕ

ಪ್ರಿಂಟರನ್ನು ಒಮ್ಮೆ ಕೊಂಡರೆ ಮುಗಿಯಿತು, ಆದರೆ ಟೋನರ್ (ಲೇಸರ್ ಯಂತ್ರದ ಮಸಿಪುಡಿ) ಮತ್ತು ಕಾಗದಗಳಿಗೆ ಯಂತ್ರ ಇರುವಷ್ಟು ಕಾಲವೂ ಹಣ ಹಾಕುತ್ತಲೇ ಇರಬೇಕಾಗುತ್ತದೆ. ಆದ್ದರಿಂದ ಎರಡು ಯಂತ್ರಗಳನ್ನು ಹೋಲಿಸುವಾಗ ಅವುಗಳ ಬೆಲೆಗಿಂತ ಪುಟವೊಂದಕ್ಕೆ ತಗಲುವ ವೆಚ್ಚವನ್ನೇ ಮುಖ್ಯವಾಗಿ ನೋಡಬೇಕು.

ಟೋನರ್ ತುಂಬಿದ ಡಬ್ಬಿಯಾದ ಕಾರ್ಟ್ರಿಡ್ಜಿನ ಬೆಲೆಯನ್ನು ಅದು ಮುದ್ರಿಸಬಲ್ಲ ಪುಟಗಳ ಸಂಖ್ಯೆಯಿಂದ ಭಾಗಿಸಿದರೆ ಟೋನರಿನ ಪಾಲು ದೊರೆಯುತ್ತದೆ. ಕಪ್ಪು ಲೇಸರ್ ಕಾರ್ಟ್ರಿಡ್ಜುಗಳ ಪುಟಸಂಖ್ಯೆಯನ್ನು ಐಎಸ್ಒ/ಐಇಸಿ 19752 ಎಂಬ ಮಾನದಂಡದಂತೆ ಅಳೆಯುತ್ತಾರೆ; ಇಂಥ ಅಳತೆಯ ಪುಟದಲ್ಲಿ ಮಸಿ ಕೂರುವ ಜಾಗ ಸ್ಥೂಲವಾಗಿ ಶೇ. 5 ಎಂದು ತಿಳಿದರೆ ಸಾಕು. ದಪ್ಪ ಶೀರ್ಷಿಕೆ, ಲಾಂಛನ, ಬಣ್ಣ ತುಂಬಿದ ಕೋಷ್ಟಕಗಳಿರುವ ಪುಟಗಳಲ್ಲಿ ಈ ಪ್ರಮಾಣ ಸುಲಭವಾಗಿ ಇಮ್ಮಡಿಯಾಗುವುದರಿಂದ, ಡಬ್ಬಿಯ ಮೇಲೆ ಅಚ್ಚಾದ ಸಂಖ್ಯೆಯನ್ನು ಹಾಗೆಯೇ ನಂಬಿ ಆಯವ್ಯಯ ಬರೆಯುವುದು ಸರಿಯಲ್ಲ. ಹೊಸ ಯಂತ್ರದೊಡನೆ ಬರುವ ಕಾರ್ಟ್ರಿಡ್ಜಿನಲ್ಲಿ ಅನೇಕ ವೇಳೆ ಟೋನರ್ ಕಡಿಮೆಯೇ ಇರುತ್ತದೆ.

ಕಲಿಕೆಗಾಗಿ ಊಹೆಯ ಬೆಲೆಗಳನ್ನು ಇಟ್ಟುಕೊಳ್ಳೋಣ. 3,000 ರೂಪಾಯಿಯ ಕಾರ್ಟ್ರಿಡ್ಜು 2,000 ಪುಟ ಮುದ್ರಿಸಿದರೆ ಪುಟಕ್ಕೆ 1.50 ರೂಪಾಯಿ, 500 ಹಾಳೆಗಳ ರೀಮಿಗೆ 300 ರೂಪಾಯಿಯಾದರೆ ಹಾಳೆಗೆ 60 ಪೈಸೆ, ಒಟ್ಟು 2.10 ರೂಪಾಯಿ. ಈಗ ಹಾಳೆಯ ಎರಡೂ ಬದಿಗಳಲ್ಲಿ ಮುದ್ರಿಸಿದರೆ ಕಾಗದದ ಖರ್ಚು ಪುಟಕ್ಕೆ 30 ಪೈಸೆಗೆ ಇಳಿಯುತ್ತದೆ, ಆದರೆ ಟೋನರಿನ ಖರ್ಚು ಒಂದು ಪೈಸೆಯೂ ಇಳಿಯುವುದಿಲ್ಲ. ಉಳಿತಾಯ ಏಳರಲ್ಲಿ ಒಂದು ಪಾಲು ಮಾತ್ರ. ಅರ್ಧ ಖರ್ಚು ಉಳಿಯಿತೆಂದು ಸುತ್ತೋಲೆ ಹೊರಡಿಸುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ. ಅನಗತ್ಯವಾದ ಒಂದು ಕರಡು ಪುಟವನ್ನು ಮುದ್ರಿಸದೆ ತೆರೆಯ ಮೇಲೆಯೇ ತಿದ್ದಿದರೆ ಪೂರ್ತಿ 2.10 ರೂಪಾಯಿ ಉಳಿಯುತ್ತದೆ.

ಹಾಗಾಗಿ ಮೊದಲು ಕಡಿಮೆ ಮಾಡಬೇಕಾದುದು ಪುಟಗಳ ಸಂಖ್ಯೆಯನ್ನೇ. ಮುದ್ರಣಕ್ಕೆ ಆದೇಶ ಕೊಟ್ಟು ತೆಗೆದುಕೊಳ್ಳಲು ಬಾರದೆ ಉಳಿಯುವ ಹಾಳೆಗಳು ಪ್ರತಿ ಕಚೇರಿಯ ಪ್ರಿಂಟರಿನ ಬಳಿಯೂ ಬಿದ್ದಿರುತ್ತವೆ. ಸಿಬ್ಬಂದಿ ಯಂತ್ರದ ಬಳಿ ಬಂದು ಗುರುತಿನ ಚೀಟಿಯನ್ನೋ ಪಿನ್ನನ್ನೋ ಕೊಟ್ಟ ಮೇಲಷ್ಟೇ ಮುದ್ರಿಸುವ ವ್ಯವಸ್ಥೆ ಇದ್ದರೆ ಅವು ತಪ್ಪುತ್ತವೆ, ಗೋಪ್ಯ ಕಾಗದಗಳೂ ಪರರ ಕಣ್ಣಿಗೆ ಬೀಳುವುದಿಲ್ಲ. ಎರಡನೆಯದು ಬಣ್ಣ. ಕಲರ್ ಯಂತ್ರವು ಬೂದು ಮತ್ತು ಕಪ್ಪನ್ನು ಕೆಲವೊಮ್ಮೆ ಹಲವು ಬಣ್ಣಗಳನ್ನು ಬೆರೆಸಿ ಮೂಡಿಸುವುದರಿಂದ, ಕಪ್ಪು-ಬಿಳುಪನ್ನೇ ಮೂಲ ಆಯ್ಕೆಯಾಗಿ ಹೊಂದಿಸಿಡಬೇಕು.

ಟೋನರಿನ ಬದಲು ತೊಟ್ಟಿಗೆ ದ್ರವ ಶಾಯಿ ತುಂಬಿಸಿ ಬಳಸುವ ಇಂಕ್ ಟ್ಯಾಂಕ್ ಯಂತ್ರಗಳಲ್ಲಿ ಪುಟದ ವೆಚ್ಚ ಬಹಳ ಕಡಿಮೆ. ಆದರೆ ದಿನಗಟ್ಟಲೆ ಬಳಸದಿದ್ದರೆ ನಳಿಕೆಗಳಲ್ಲಿ ಶಾಯಿ ಒಣಗುತ್ತದೆ, ಅವನ್ನು ಶುಚಿಗೊಳಿಸುವ ಪ್ರತಿ ಸಲವೂ ಶಾಯಿಯೇ ವ್ಯಯವಾಗುತ್ತದೆ. ಆದ್ದರಿಂದ ತಿಂಗಳಿಗೆ ಬೆರಳೆಣಿಕೆಯ ಹಾಳೆಗಳನ್ನು ಮುದ್ರಿಸುವ ಸಣ್ಣ ಕಚೇರಿಗೆ ಕಪ್ಪು ಲೇಸರ್ ಯಂತ್ರವೇ ವಾಸಿ.